ಚಿಕ್ಕ ಕಾಲೇಜು, ಆನರ್ಸ್ ತರಗತಿ, ಒಣಗಿಸಿಟ್ಟ ಹೂಗಳು

ಈ ವರ್ಷ ನಾನು ನಮ್ಮ ಕಾಲೇಜಿನ ಆನರ್ಸ್ ಪ್ರೋಗ್ರಾಮಿಗೆ ಸೇರಿದೆ. ಪಿಯುಸಿ ಮುಗಿದ ಮೇಲೆ ಮದುವೆಯಾಗಿ ಅಮೆರಿಕಕ್ಕೆ ಬಂದು, ಮಕ್ಕಳಿಬ್ಬರೂ ಶಾಲೆಗೆ ಹೋಗಲು ಶುರುಮಾಡಿದ ನಂತರ ಮತ್ತೆ ಓದಲು ಕೂತವಳು ನಾನು. ಪೆನ್ಸಿಲ್ವೇನಿಯಾದ ಈ ಕಾಲೇಜಿನಲ್ಲಿ ಎಲ್ಲ ಸೇರಿ ಸಾವಿರದ ಆಸುಪಾಸು ವಿದ್ಯಾರ್ಥಿಗಳಿರಬಹುದು. ನನ್ನ ಮೇಜರ್ ಜೀವಶಾಸ್ತ್ರ.

ವಿಷಯ ಹೇಳಿದಾಗ ಊರಿನಿಂದ ಅಕ್ಕ ಕೇಳಿದ್ದು, "ಅದಕ್ಕೆ ಎಷ್ಟು ಪರ್ಸೆಂಟ್ ಬೇಕಿತ್ತೇ?" ಅಂತ. ಆ ಪ್ರಶ್ನೆ ಸಹಜವೇ, ಯಾಕೆಂದರೆ ಇಲ್ಲಿ ಮಾರ್ಕ್ಸ್ ಮೇಲೆಯೇ ಸಿಗುವ ಗೌರವವೂ ಒಂದಿದೆ. ಒಳ್ಳೆಯ ಜಿಪಿಎ, ಅಂದರೆ ಎಲ್ಲ ಕೋರ್ಸುಗಳ ಗ್ರೇಡಿನ ಸರಾಸರಿ, ಇದ್ದವರ ಪದವಿ ಪತ್ರದಲ್ಲಿ ಲ್ಯಾಟಿನ್ನಿನಲ್ಲಿ 'ಕುಮ್ ಲೌಡೆ' (ಪ್ರಶಂಸೆಯೊಂದಿಗೆ) ಎಂದು ಸೇರಿಸುತ್ತಾರೆ. ಕೊನೆಯ ವರ್ಷ ಆಯಾ ವಿಭಾಗದವರೇ ಪ್ರಬಂಧ ಬರೆಸಿ ಕೊಡುವ ಆನರ್ಸ್ ಬೇರೆ. ನಾನು ಸೇರಿದ್ದು ಇವೆರಡೂ ಅಲ್ಲ. ಇಡೀ ಕಾಲೇಜಿಗೆ ಸೇರಿದ ಆನರ್ಸ್ ಪ್ರೋಗ್ರಾಮಿನಲ್ಲಿ ಎಲ್ಲ ವಿಭಾಗದವರೂ ಒಟ್ಟಿಗೆ ಕೂರುವ ಸೆಮಿನಾರುಗಳಿರುತ್ತವೆ. ಮಾಮೂಲಿ ಕೋರ್ಸಿನೊಳಗೇ ಬೇರೆ ಥರದ ಕೆಲಸ ಮಾಡಲು ಅವಕಾಶವಿರುತ್ತದೆ, ಕೊನೆಗೆ ಪ್ರಬಂಧ ಇರುತ್ತದೆ. ಮಾರ್ಕ್ಸ್ ಇದಕ್ಕೂ ಬೇಕು, ನಮ್ಮಲ್ಲಿ 4ಕ್ಕೆ 3.4 ಇರಬೇಕು. ಆದರೆ ಅದು ಅರ್ಜಿ ಹಾಕುವುದಕ್ಕಷ್ಟೇ. ಆಮೇಲೆ ಒಬ್ಬ ಅಧ್ಯಾಪಕರ ಪತ್ರ, ನಾವೇ ಬರೆದ ಎರಡು ಪುಟದ ಲೇಖನ, ನಿರ್ದೇಶಕರ ಜೊತೆ ಮಾತುಕತೆ.

ಆ ಮಾತುಕತೆಗೆ ನಾನು ಏನೇನೋ ಓದಿಕೊಂಡು ಹೋಗಿದ್ದೆ. ನಿರ್ದೇಶಕರು ನನ್ನ ಲೇಖನವನ್ನು ಮುಂದಿಟ್ಟು, "ಇದರಲ್ಲಿ ಒಂದು ಪ್ಯಾರಾ ತೆಗೆಯಬೇಕು ಅಂದರೆ ಯಾವುದನ್ನು ತೆಗೆಯುತ್ತೀರಿ?" ಎಂದರು. ಕೊನೆಯದನ್ನು, ಎಂದೆ. ಯಾಕೆ ಎಂದು ಕೇಳಿದರು. ಉಳಿದದ್ದೆಲ್ಲ ನನಗೆ ನಿಜವಾಗಿ ಕಾಡುವ ವಿಷಯ, ಕೊನೆಯದು ನಿಮಗೆ ಇಷ್ಟವಾಗಲಿ ಅಂತ ಬರೆದದ್ದು, ಎಂದು ಹೇಳಿದೆ. ಅಲ್ಲಿಂದ ಮಾತು ಸಲೀಸಾಯಿತು.

ಈ ಸೆಮಿಸ್ಟರಿನ ಸೆಮಿನಾರಿನ ವಿಷಯ 'ಅಳತೆ'. ಭೂವಿಜ್ಞಾನದ ಒಬ್ಬರು, ಇತಿಹಾಸದ ಒಬ್ಬರು ಸೇರಿ ನಡೆಸುತ್ತಾರೆ. ಲೆಕ್ಚರ್ ಇಲ್ಲ. ಓದಿಕೊಂಡು ಬಂದು ಮೇಜಿನ ಸುತ್ತ ಕೂತು ಮಾತಾಡಬೇಕು, ಅಷ್ಟೇ. ಮೀಟರ್ ಹುಟ್ಟಿದ ಕಥೆಯಿಂದ ಶುರುವಾಯಿತು. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯಲ್ಲಿ ಒಂದು ಭಾಗವೇ ಮೀಟರ್ ಎಂದು ಫ್ರಾನ್ಸ್ 1791ರಲ್ಲಿ ನಿರ್ಧರಿಸಿತು. ಅದನ್ನು ಕಂಡುಹಿಡಿಯಲು ಡೆಲಾಂಬರ್ ಮತ್ತು ಮೆಷೆನ್ ಎಂಬ ಇಬ್ಬರು ಖಗೋಳಶಾಸ್ತ್ರಜ್ಞರು ಡಂಕರ್ಕಿನಿಂದ ಬಾರ್ಸಿಲೋನಾವರೆಗೆ, ಕ್ರಾಂತಿ ಮತ್ತು ಯುದ್ಧದ ನಡುವೆ, ವರ್ಷಗಟ್ಟಲೆ ಅಳೆದರು. ಬಾರ್ಸಿಲೋನಾದ ಅಕ್ಷಾಂಶ ತೆಗೆದಾಗ ಮೆಷೆನ್‌ಗೆ ಸಿಕ್ಕ ಅಂಕಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಆತ ಅದನ್ನು ಯಾರಿಗೂ ಹೇಳಲಿಲ್ಲ. ಆ ಗುಟ್ಟು ಕಡೆಯವರೆಗೂ ಆತನನ್ನು ಹಿಂಡಿತು.

ನನ್ನ ಪಕ್ಕ ಕೂರುವ ಅಕೌಂಟಿಂಗ್ ಹುಡುಗ, ಹತ್ತೊಂಬತ್ತು ವರ್ಷದವನು, "ಇದು ಮೋಸ, ಬೇರೆ ಮಾತೇ ಇಲ್ಲ" ಎಂದ. ಭೌತಶಾಸ್ತ್ರದ ಹುಡುಗಿ ಒಪ್ಪಲಿಲ್ಲ. ಅಳತೆಯಲ್ಲಿ ವ್ಯತ್ಯಾಸ ಬರುವುದು ಅಳೆಯುವವನ ಅಪರಾಧವಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಗಣಿತ ಆಗಿನ್ನೂ ಇರಲಿಲ್ಲ, ತಾಳೆಯಾಗದ ಅಳತೆಗಳಿಂದ ಎಲ್ಲಕ್ಕೂ ಹೆಚ್ಚು ಹೊಂದುವ ಬೆಲೆಯನ್ನು ತೆಗೆಯುವ 'ಕನಿಷ್ಠ ವರ್ಗ'ಗಳ ವಿಧಾನವನ್ನು ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ ಪ್ರಕಟಿಸಿದ್ದು 1805ರಲ್ಲಿ, ಎಂದಳು. ವಾದ ಗಂಟೆ ಮೀರಿ ಹೋಯಿತು. ಅಧ್ಯಾಪಕರಿಬ್ಬರೂ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಂದು ನಮ್ಮ ಹಾಗೆಯೇ ವಾದಿಸಿದರು. ಅಧ್ಯಾಪಕರು ಹೀಗೆ ನಮ್ಮೆದುರಿಗೆ ಪರಸ್ಪರ ಒಪ್ಪದೆ ಕೂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ತುಂಬಾ ಖುಷಿಯಾಯಿತು.

ಇನ್ನೊಂದು ಭಾಗವನ್ನು ಇಲ್ಲಿ 'ಆನರ್ಸ್ ಕಾಂಟ್ರಾಕ್ಟ್' ಎನ್ನುತ್ತಾರೆ. ಸಾಮಾನ್ಯ ಕೋರ್ಸಿನಲ್ಲೇ ಇದ್ದುಕೊಂಡು, ಆ ಅಧ್ಯಾಪಕರ ಜೊತೆ ಕೂತು ಬೇರೆ ಒಂದು ಕೆಲಸವನ್ನು ಒಪ್ಪಂದದ ಹಾಗೆ ಬರೆದು ಸಹಿ ಮಾಡುವುದು. ನನ್ನದು ಸಸ್ಯಶಾಸ್ತ್ರದಲ್ಲಿ. ನಮ್ಮ ವಿಭಾಗದ ಉಗ್ರಾಣದಲ್ಲಿ ಹಳೆಯ ಕಬ್ಬಿಣದ ಬೀರುಗಳಿವೆ. ತೆಗೆದರೆ ನುಸಿಗುಳಿಗೆಯ ವಾಸನೆ. ಒಳಗೆ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳು, ಪ್ರತಿ ಹಾಳೆಯ ಮೂಲೆಯಲ್ಲೂ ಗಿಡದ ಹೆಸರು, ಜಾಗ, ತಾರೀಖು, ಕಿತ್ತು ತಂದವರ ಹೆಸರು. ಬಹಳ ಕಾಲದಿಂದ ಯಾರೂ ಅವನ್ನು ಬಿಡಿಸಿ ನೋಡಿದ ಹಾಗಿರಲಿಲ್ಲ.

ನಾನು ಆರಿಸಿಕೊಂಡದ್ದು ಬ್ಲಡ್‌ರೂಟ್. ಗಸಗಸೆಯ ಕುಟುಂಬದ ಪುಟ್ಟ ಕಾಡುಗಿಡ. ಚಳಿಗಾಲ ಮುಗಿಯುತ್ತಿದ್ದ ಹಾಗೆ, ಮೇಲಿನ ಮರಗಳು ಚಿಗುರುವ ಮುಂಚೆಯೇ, ಒಂದೇ ಎಲೆ ತೊಟ್ಟನ್ನು ಶಾಲಿನಂತೆ ಸುತ್ತಿಕೊಂಡಿರುವಾಗಲೇ ಬಿಳಿ ಹೂ ಬಿಡುತ್ತದೆ. ಕೆಲವೇ ದಿನಕ್ಕೆ ಎಸಳು ಉದುರುತ್ತವೆ. ಗೆಡ್ಡೆ ಮುರಿದರೆ ಕೆಂಪು ರಸ. ಹಾಳೆಗಳ ಮೇಲಿನ ತಾರೀಖುಗಳನ್ನು ಒಂದೆಡೆ ಸೇರಿಸಿ, ಈಗ ಹೂ ಬಿಡುವ ದಿನಗಳ ಜೊತೆ ಹೋಲಿಸಿದರೆ ವಸಂತ ಈಗ ಎಷ್ಟು ದಿನ ಮುಂಚೆ ಬರುತ್ತಿದೆ ಎಂದು ತಿಳಿಯಬಹುದು ಎಂಬುದು ನನ್ನ ಯೋಚನೆ. ಇದು ಹೊಸದೇನಲ್ಲ. ಬಾಸ್ಟನ್ನಿನ ಆರ್ನಲ್ಡ್ ಆರ್ಬೊರೇಟಂ ಎಂಬ ಮರಗಳ ತೋಟದಲ್ಲಿ ಇಂಥ ಒಣಹಾಳೆಗಳನ್ನೇ ಇಟ್ಟುಕೊಂಡು ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಗಿದೆ. 1900–1920ರ ಅವಧಿಗೆ ಹೋಲಿಸಿದರೆ 1980–2002ರಲ್ಲಿ ಗಿಡಗಳು ಸರಾಸರಿ 8 ದಿನ ಮುಂಚೆ ಹೂ ಬಿಟ್ಟಿದ್ದವು.

ಹಾಳೆಗಳನ್ನು ನೋಡುತ್ತಾ ಹೋದಂತೆ ನನಗೆ ಒಂದು ಅನುಮಾನ ಬಂತು. ಹೂ ಕಿತ್ತ ದಿನವೇ ಹೂ ಬಿಟ್ಟ ದಿನ ಅಂತ ಹೇಗೆ ನಂಬುವುದು? ಅರಳಿದ ಮೊದಲ ದಿನ ಕಿತ್ತರೋ, ಎಸಳು ಉದುರುವ ಮುಂಚಿನ ದಿನ ಕಿತ್ತರೋ, ಹಾಳೆ ಹೇಳುವುದಿಲ್ಲ. ಎಷ್ಟೋ ತಾರೀಖುಗಳು ಶನಿವಾರ, ಭಾನುವಾರಕ್ಕೇ ಬರುತ್ತಿದ್ದವು. ಕಾಡಿಗೆ ಹೋಗಲು ಬಿಡುವು ಸಿಗುತ್ತಿದ್ದದ್ದು ಆಗಲೇ ಇರಬೇಕು! ಬಾಸ್ಟನ್ನಿನವರಿಗೆ ಯಾವ ಹಾಳೆ ಯಾವ ಮರದ್ದು ಎಂದು ಗೊತ್ತಿತ್ತು, ಆ ಮರಗಳು ಅಲ್ಲೇ ಬದುಕಿದ್ದವು. ನಮ್ಮ ಹಾಳೆಗಳಲ್ಲಿ 'ಹೊಳೆಯ ಪಕ್ಕದ ಕಾಡು' ಎಂದಷ್ಟೇ ಇದೆ. ಇದನ್ನು ಹೇಳಲು ಹೋದಾಗ ಪ್ರೊಫೆಸರ್ ಒಪ್ಪಂದದ ಹಾಳೆ ತೆಗೆದು, ನಾವು ಮೊದಲು ಬರೆದಿದ್ದ ಶೀರ್ಷಿಕೆಯನ್ನು ಹೊಡೆದುಹಾಕಿ, "ಈಗ ಹೇಳಿದ್ದನ್ನೇ ಬರೆಯಿರಿ, ಕೆಲಸ ಇದೇ" ಎಂದರು. ಆ ಮಧ್ಯಾಹ್ನ ಅವರ ಕೋಣೆಯಲ್ಲಿ ಎರಡು ಗಂಟೆ ಕೂತಿದ್ದೆವು. ಚಿಕ್ಕ ಕಾಲೇಜಿನಲ್ಲಿ ಅಧ್ಯಾಪಕರು ಕೈಗೆ ಸಿಗುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಸಿಕ್ಕಾಗ ಮಾಡಲು ಇಬ್ಬರಿಗೂ ಬೇಕಾದ ಕೆಲಸ ಒಂದಿರಬೇಕು. ಆನರ್ಸ್ ನನಗೆ ಕೊಟ್ಟದ್ದು ಅದನ್ನು.

ಉಳಿದ ಸವಲತ್ತುಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದೇ: ಕೋರ್ಸುಗಳಿಗೆ ಬೇರೆಯವರಿಗಿಂತ ಮುಂಚೆ ಹೆಸರು ನೋಂದಾಯಿಸಬಹುದು. ಮಕ್ಕಳ ಸ್ಕೂಲ್ ಬಸ್ ಬರುವ ಹೊತ್ತಿಗೆ ಮನೆಯಲ್ಲಿರುವ ಹಾಗೆ ತರಗತಿಗಳನ್ನು ಆರಿಸಿಕೊಂಡೆ. ನನ್ನಂತೆ ಸಂಸಾರದ ನಡುವೆ ಓದುವವರು ಸೇರುವ ಮುಂಚೆ ಕೆಲವನ್ನು ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಿ. ಬೇರೆ ಶುಲ್ಕ ಇದೆಯಾ, ಒಂದು ಸೆಮಿಸ್ಟರ್ ಜಿಪಿಎ ಇಳಿದರೆ ಹೊರಗೆ ಹಾಕುತ್ತಾರಾ ಇಲ್ಲಾ ಕಾಲಾವಕಾಶ ಕೊಡುತ್ತಾರಾ, ಕಾಂಟ್ರಾಕ್ಟಿನ ಕೆಲಸ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಂಕಪಟ್ಟಿಯಲ್ಲಿ) ಕಾಣುತ್ತದಾ. ಮುಖ್ಯವಾಗಿ, ಪ್ರಬಂಧದ ಕ್ರೆಡಿಟ್ಟುಗಳು ಪದವಿಗೆ ಬೇಕಾದ 120 ಕ್ರೆಡಿಟ್ಟುಗಳ ಒಳಗೇ ಬರುತ್ತವಾ ಅಥವಾ ಅದರ ಮೇಲೆ ಹೊರೆಯಾ. ಬರೀ ಹೆಚ್ಚು ಪುಟ, ಹೆಚ್ಚು ಅಸೈನ್‌ಮೆಂಟ್ ಅನ್ನುವ ಪ್ರೋಗ್ರಾಮಾದರೆ ಸೇರಬೇಡಿ ಎಂದೇ ಹೇಳುತ್ತೇನೆ.

ಇದೇ ರಾಜ್ಯದ ಸ್ವಾರ್ಥ್‌ಮೋರ್ ಕಾಲೇಜಿನ ವ್ಯವಸ್ಥೆಯ ಬಗ್ಗೆ ಸೆಮಿನಾರಿನಲ್ಲೇ ಕೇಳಿದೆ. ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಫ್ರಾಂಕ್ ಏಡೆಲಾಟ್ ಅಲ್ಲಿ ಅಧ್ಯಕ್ಷರಾದ ಮೇಲೆ 1922ರಲ್ಲಿ ಆನರ್ಸ್ ಆರಂಭಿಸಿದರು. ಕೊನೆಯಲ್ಲಿ ಪರೀಕ್ಷೆ ಮಾಡಿ ಆನರ್ಸ್ ನಿರ್ಧರಿಸುವುದು ಪಾಠ ಹೇಳಿದವರಲ್ಲ, ಬೇರೆ ಕಡೆಯಿಂದ ಬಂದ ವಿದ್ವಾಂಸರು. ಇಂದಿಗೂ ಅಲ್ಲಿ ಹಾಗೇ ನಡೆಯುತ್ತದೆ. ಪಿಯುಸಿ ಪ್ರಾಕ್ಟಿಕಲ್ಲಿಗೆ ಬರುತ್ತಿದ್ದ ಎಕ್ಸ್‌ಟರ್ನಲ್ ನೆನಪಾಗಿ ಎದೆ ಢವಗುಟ್ಟಿತು, ನಿಜ. ಆದರೆ ಯೋಚಿಸಿದಷ್ಟೂ ಅದರ ಚಂದ ಕಾಣುತ್ತಿದೆ. ಮಾರ್ಕ್ಸ್ ಕೊಡುವವರು ಹೊರಗಿನವರಾದಾಗ ಅಧ್ಯಾಪಕರೂ ವಿದ್ಯಾರ್ಥಿಯೂ ಒಂದೇ ಕಡೆ ನಿಲ್ಲುತ್ತಾರೆ.

ನಮ್ಮ ಪ್ರೋಗ್ರಾಮಿನಲ್ಲಿ ಪ್ರಬಂಧವನ್ನು ಮಾರ್ಗದರ್ಶಕರೂ ಇನ್ನೊಬ್ಬ ಒಳಗಿನ ಅಧ್ಯಾಪಕರೂ ನೋಡುತ್ತಾರೆ. ನನ್ನ ಪ್ರಬಂಧಕ್ಕೆ ಹರ್ಬೇರಿಯಂ, ಅಂದರೆ ಒಣಗಿಸಿಟ್ಟ ಗಿಡಗಳ ಸಂಗ್ರಹದ, ಕೆಲಸ ಬಲ್ಲ ಹೊರಗಿನ ಒಬ್ಬರನ್ನು ಕರೆಸಬಹುದೇ ಎಂದು ನಿರ್ದೇಶಕರನ್ನು ಕೇಳಿದೆ. ನಿಯಮದಲ್ಲಿ ಇಲ್ಲ, ಬರವಣಿಗೆಯಲ್ಲಿ ಕೊಟ್ಟರೆ ಸಮಿತಿಯ ಮುಂದಿಡುತ್ತೇನೆ ಎಂದರು. ಆ ಮನವಿಯನ್ನು ಈ ವಾರ ಬರೆಯುತ್ತಿದ್ದೇನೆ. ಅಕೌಂಟಿಂಗ್ ಹುಡುಗನೂ ಭೌತಶಾಸ್ತ್ರದ ಹುಡುಗಿಯೂ ತಮ್ಮ ಹೆಸರನ್ನೂ ಅದರಲ್ಲಿ ಸೇರಿಸಲು ಹೇಳಿದ್ದಾರೆ.