ಯುಪಿಎಸ್‌ಸಿ ಸಂದರ್ಶನ ಕನ್ನಡದಲ್ಲಿ ಕೊಡಬಹುದಾ?

ಮೇನ್ಸ್, ಅಂದರೆ ಸಂದರ್ಶನಕ್ಕೆ ಮೊದಲಿನ ಲಿಖಿತ ಪರೀಕ್ಷೆಯ ರಿಸಲ್ಟ್ ಬಂದ ವಾರ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಾಗಿ ಇದೇ ಪ್ರಶ್ನೆ. “ಸರ್, ಇಂಟರ್‌ವ್ಯೂ ಕನ್ನಡದಲ್ಲಿ ಕೊಡಬಹುದಾ? ಕೊಟ್ಟರೆ ಮಾರ್ಕ್ಸ್ ಕಡಿಮೆ ಬರುತ್ತಾ?” ಹಳ್ಳಿಯಿಂದ ಬಂದ ಹುಡುಗ ಹುಡುಗಿಯರಿಗೆ ಮಾಕ್ ಇಂಟರ್‌ವ್ಯೂ, ಅಂದರೆ ಅಭ್ಯಾಸಕ್ಕೆ ಅಣಕು ಸಂದರ್ಶನ ಮಾಡಿಸುತ್ತೇನೆ. ಹಾಗಾಗಿ ಕೇಳುತ್ತಾರೆ.

ಕೊಡಬಹುದು. ಮೇನ್ಸ್ ಕನ್ನಡದಲ್ಲಿ ಬರೆದಿದ್ದರೆ ಸರಿಯೇ ಸರಿ. ಇಂಗ್ಲಿಷ್‌ನಲ್ಲಿ ಬರೆದಿದ್ದರೂ, ಕಡ್ಡಾಯ ಭಾಷಾ ಪತ್ರಿಕೆಗೆ ಕನ್ನಡ ತಗೊಂಡಿದ್ದರೆ ಸಂದರ್ಶನಕ್ಕೂ ಕನ್ನಡ ಆರಿಸಿಕೊಳ್ಳಬಹುದು.

ಇನ್ನು ಮಾರ್ಕ್ಸ್. ಒಟ್ಟು 2025 ಅಂಕಗಳಲ್ಲಿ ಸಂದರ್ಶನಕ್ಕೆ 275. ಭಯ ಸಹಜ. ಆದರೆ ನಾನು ನೋಡಿದ ಮಟ್ಟಿಗೆ ತೊಂದರೆ ಕನ್ನಡದಿಂದ ಬರುವುದಿಲ್ಲ, ಪಕ್ಕದಲ್ಲಿ ಕೂತ ದುಭಾಷಿಯನ್ನು ಮರೆಯುವುದರಿಂದ ಬರುತ್ತದೆ. ನೀವು ಆಡಿದ್ದು ಸಂದರ್ಶನ ಮಾಡುವ ಬೋರ್ಡ್‌ಗೆ ಆ ದುಭಾಷಿಯ ಬಾಯಿಂದಲೇ ಮುಟ್ಟಬೇಕು ಅಲ್ವಾ?

ಮಲೆನಾಡಿನ ಒಬ್ಬ ಹುಡುಗಿ ನೆನಪಾಗುತ್ತಾಳೆ. ಅಪ್ಪನದು ಅಡಿಕೆ ತೋಟ. ಮಾಕ್‌ನಲ್ಲಿ ಅಡಿಕೆಗೆ ಬರುವ ಕೊಳೆರೋಗದ ಬಗ್ಗೆ ಕೇಳಿದೆವು. ಪುಸ್ತಕದ ಕನ್ನಡದಲ್ಲಿ ಶುರುವಾಯಿತು: ಶಿಲೀಂಧ್ರ, ಆರ್ದ್ರತೆ, ಸಮಗ್ರ ನಿರ್ವಹಣೆ. ಎರಡು ನಿಮಿಷ ಉಸಿರೇ ಬಿಡಲಿಲ್ಲ. ದುಭಾಷಿಯಾಗಿ ಕೂತಿದ್ದ ಗೆಳೆಯ ಪೆನ್ನು ಕೆಳಗಿಟ್ಟ.

“ಮನೇಲಿ ಏನ್ ಮಾಡ್ತೀರಮ್ಮಾ?” ಅಂದೆ.

“ಬೋರ್ಡೋ ಮದ್ದು ಹೊಡೀತೀವಿ ಸರ್. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕತ್ತಿ ಅದ್ದಿ ನೋಡ್ತೀವಿ. ಕೆಂಪು ಹಿಡಿದರೆ ಸುಣ್ಣ ಸಾಲದು. ಮಳೆ ಹಿಡಿಯೋ ಮುಂಚೆ ಹೊಡೀಬೇಕು, ಆದರೆ ಕೊನೆಗಾರರೇ ಸಿಗೋದಿಲ್ಲ.”

ಎಂಥ ಉತ್ತರ! ಕೂಲಿಯ ಸಮಸ್ಯೆ, ರೋಗ, ಮದ್ದು, ಎಲ್ಲ ಅದರಲ್ಲೇ ಇತ್ತು. ಒಂದೊಂದು ವಾಕ್ಯವನ್ನೂ ಗೆಳೆಯ ಸಲೀಸಾಗಿ ಇಂಗ್ಲಿಷ್‌ಗೆ ತಂದ. ‘ಕೊನೆಗಾರ’ ಬಂದಾಗ ಮಾತ್ರ ತಡವರಿಸಿದ, ಅವನು ಬಯಲುಸೀಮೆಯವನು. ಅಂಥ ಪದ ಬಂದಾಗ ‘ಮರ ಹತ್ತಿ ಮದ್ದು ಹೊಡೆಯುವವರು’ ಅಂತ ನೀವೇ ಬಿಡಿಸಿ ಹೇಳಿಬಿಡಿ.

ಹಾಗಾಗಿ ನನ್ನ ಮಾಕ್‌ಗಳಲ್ಲಿ ದುಭಾಷಿ ಇಲ್ಲದೆ ಕೂರಿಸುವುದೇ ಇಲ್ಲ. ಎರಡು ಮೂರು ವಾಕ್ಯ ಹೇಳಿ, ನಿಲ್ಲಿಸಿ, ಅವರು ಮುಗಿಸುವವರೆಗೆ ಸುಮ್ನೆ ಕಾಯುವುದು ಕಲಿಯಬೇಕು. ಆ ಮೌನಕ್ಕೆ ಗಾಬರಿಯಾಗಿ ಮತ್ತೆ ಮಾತು ಸೇರಿಸುವವರೇ ಜಾಸ್ತಿ. ಅನುವಾದ ತಪ್ಪಿದರೆ ವಿನಯದಿಂದ ಸರಿಪಡಿಸಬಹುದು, ಅದಕ್ಕೆ ಸಂಕೋಚ ಬೇಡ.

ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಬರೀ ಅಭಿಮಾನಕ್ಕೆ ಕನ್ನಡ ಆರಿಸಬೇಡಿ, ಬರೀ ನಾಚಿಕೆಗೆ ಇಂಗ್ಲಿಷ್ ಆರಿಸಬೇಡಿ. ಇವತ್ತೇ ನಿಮ್ಮ ಡಿಎಎಫ್, ಅಂದರೆ ಯುಪಿಎಸ್‌ಸಿಗೆ ಕೊಟ್ಟ ವಿವರವಾದ ಅರ್ಜಿ ತೆಗೆಯಿರಿ. ಅದರಲ್ಲಿ ಬರೆದ ಊರು, ಓದು, ಹವ್ಯಾಸದ ಬಗ್ಗೆ ಎರಡೂ ಭಾಷೆಯಲ್ಲಿ ಐದೈದು ನಿಮಿಷ ಮಾತಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ನನಗೆ ಕಳಿಸಿ, ಕೂತು ಕೇಳೋಣ.