ಟೈಮ್‌ಟೇಬಲ್‌ನ ಖಾಲಿ ಚೌಕಗಳು

ಅಕ್ಕನ ಮಗಳು ಕಾಲೇಜಿನ ಮೊದಲ ಟೈಮ್‌ಟೇಬಲ್ ಫೋಟೊ ಕಳಿಸಿದ್ದಾಳೆ. 'ಮಾವ, ಮಂಗಳವಾರ ಎರಡೇ ಕ್ಲಾಸು!' ಅಂತ ಖುಷಿಯೋ ಖುಷಿ. ನನ್ನ ಕಣ್ಣು ಹೋದದ್ದು ಆ ಎರಡರ ನಡುವಿನ ಮೂರು ಖಾಲಿ ಚೌಕಗಳ ಮೇಲೆ.

ಕಾಲೇಜಿನಲ್ಲಿ ಒಂದೊಂದು ವಿಷಯದ ಭಾರ ಅಳೆಯೋದು ಕ್ರೆಡಿಟ್‌ನಲ್ಲಿ. ಸಾಮಾನ್ಯವಾಗಿ ಒಂದು ಕ್ರೆಡಿಟ್ ಅಂದ್ರೆ ವಾರಕ್ಕೆ ಒಂದು ಗಂಟೆ ಪಾಠ. ಲ್ಯಾಬ್ ಆದರೆ ಅದೇ ಕ್ರೆಡಿಟ್‌ಗೆ ಎರಡು ಗಂಟೆಯೋ, ಇನ್ನೂ ಹೆಚ್ಚೋ. ಪಾಠದ ಪ್ರತಿ ಗಂಟೆಗೆ ಹೊರಗೆ ಎರಡು ಗಂಟೆ ಓದು ಅನ್ನೋದು ಹಳೇ ಲೆಕ್ಕ. ಹಾಗೆ ನೋಡಿದರೆ 15 ಕ್ರೆಡಿಟ್‌ಗೆ ವಾರಕ್ಕೆ 45 ಗಂಟೆ. ಅದರಲ್ಲಿ 30 ಗಂಟೆ ಟೈಮ್‌ಟೇಬಲ್‌ನಲ್ಲಿ ಕಾಣೋದೇ ಇಲ್ಲ.

ಮೊದಲ ಸೆಮಿಸ್ಟರ್‌ನಲ್ಲಿ ಐದು ವಾರ ನಾನೂ ಹಾಯಾಗಿದ್ದೆ. ಆರನೇ ವಾರ ಎರಡು ಇಂಟರ್ನಲ್ಸು, ಒಂದು ಅಸೈನ್‌ಮೆಂಟು, ಲ್ಯಾಬ್ ರೆಕಾರ್ಡು ಎಲ್ಲ ಒಟ್ಟಿಗೆ ಮೈಮೇಲೆ ಬಂದವು. ರಾತ್ರಿ ಎರಡು ಗಂಟೆಗೆ ಗ್ರಾಫ್ ಹಾಳೆ ಮೇಲೆ ಚುಕ್ಕಿ ಇಡ್ತಾ ಇಡ್ತಾ ಅಳು ಬಂದಿತ್ತು. ಮೇಷ್ಟ್ರುಗಳದ್ದೇನೂ ತಪ್ಪಿರಲಿಲ್ಲ. ಒಬ್ಬೊಬ್ಬರಿಗೂ ಅವರವರ ವಿಷಯವಷ್ಟೇ ಕಾಣುತ್ತೆ, ಎಲ್ಲ ಸೇರಿ ಎಷ್ಟಾಯ್ತು ಅಂತ ಗೊತ್ತಾಗೋದು ವಿದ್ಯಾರ್ಥಿಗೆ ಮಾತ್ರ.

ಕೇಳಿದ್ದನ್ನು ಅದೇ ದಿನ ಒಮ್ಮೆ ತಿರುವಿ ಹಾಕಿದರೆ ಎಷ್ಟೋ ಹಗುರ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು ಸೋರಿಹೋಗುತ್ತೆ ಅಂತ ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹಾಸ್ 1885ರಲ್ಲೇ ತೋರಿಸಿದ್ದ.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತಿಗೆ ಅದೇ ಫೋಟೊ ಮತ್ತೆ ಬಂತು. ಮಂಗಳವಾರದ ಮೊದಲ ಖಾಲಿ ಚೌಕದಲ್ಲಿ ಪೆನ್ಸಿಲ್‌ನಲ್ಲಿ 'ಬೆಳಗಿನ ನೋಟ್ಸ್' ಅಂತ ಬರೆದಿದ್ದಾಳೆ. ಉಳಿದೆರಡು ಹಾಗೇ ಇವೆ. ಇರಲಿ, ಊಟಕ್ಕೂ ಗೆಳತಿಯರಿಗೂ ಬೇಕಲ್ಲ.