ಅಪ್ಪನಿಗೊಂದು ಲ್ಯಾಪ್‌ಟಾಪ್, 30 ಸಾವಿರದೊಳಗೆ

ಅಪ್ಪನ ಹಳೇ ಡೆಸ್ಕ್‌ಟಾಪ್ ಈ ಮಳೆಗಾಲ ಪೂರ್ತಿ ಕೈಕೊಟ್ಟಿತು. ನಮ್ಮೂರು ಶಿರಸಿ ಹತ್ತಿರ, ಜೂನ್ ಬಂತೆಂದರೆ ಕರೆಂಟು ಬಂದಾಗ ಬಂತು. ಹಾಗಾಗಿ ಲ್ಯಾಪ್‌ಟಾಪೇ ಸರಿ ಅಂತಾಯ್ತು. "ಅಕ್ಷರ ದೊಡ್ಡದಾಗಿ ಕಾಣಬೇಕು, ಕನ್ನಡ ಟೈಪ್ ಮಾಡೋ ನುಡಿ ಇರಬೇಕು, ಮೂವತ್ತು ಸಾವಿರ ದಾಟಬಾರದು. ಉಳಿದದ್ದು ನೀನೇ ನೋಡು ಮಾರಾಯ್ತಿ" ಅಂದರು.

ಪಹಣಿ ನೋಡೋದು, ಪಿಂಚಣಿ ಜಮೆ ಆಯ್ತಾ ಅಂತ ನೋಡೋದು, ರಾತ್ರಿ ಯೂಟ್ಯೂಬಿನಲ್ಲಿ ಯಕ್ಷಗಾನ. ಇಷ್ಟಕ್ಕೆ ಯಾವುದಾದರೂ ನಡೆಯುತ್ತಿತ್ತು. ಆದರೆ ಹೈಸ್ಕೂಲ್ ಮಾಸ್ತರಿಕೆ ಮುಗಿದ ಮೇಲೆ ಅಪ್ಪ ದಿನಾ ಏನಾದರೂ ಬರೀತಾರೆ, ಬೆರಳಿಗೆ ನುಡಿಯ ಕೀಲಿಮಣೆಯೇ ಒಗ್ಗಿದೆ. ನುಡಿ ವಿಂಡೋಸ್ ತಂತ್ರಾಂಶ, ಹಾಗಾಗಿ ವಿಂಡೋಸ್ ಇಲ್ಲದ ಕ್ರೋಮ್‌ಬುಕ್ ಅಲ್ಲಿಗೇ ಬಿಟ್ಟೆ. ಅಗ್ಗದ ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 'ಎಸ್ ಮೋಡ್'ನಲ್ಲಿ ಬರುತ್ತೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಇರೋದನ್ನ ಬಿಟ್ಟು ಬೇರೇನೂ ಹಾಕಲಿಕ್ಕೆ ಬಿಡಲ್ಲ. ಅದನ್ನು ತೆಗೆಯಲು ದುಡ್ಡು ಬೇಡ, ಆದರೆ ಒಮ್ಮೆ ತೆಗೆದರೆ ಮತ್ತೆ ಹಾಕಲು ಬರಲ್ಲ. (ಹಾಕೋದಾದರೂ ಯಾಕೆ?)

ತೀರಾ ಅಗ್ಗದ ಹೊಸದರಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ವಿಂಡೋಸ್ 11 ಕೇಳುವ ಕನಿಷ್ಠವೇ ಅದು. ಮೊದಲ ದೊಡ್ಡ ಅಪ್‌ಡೇಟಿಗೇ ಜಾಗ ಸಾಲಲ್ಲ ಅಂತ ಫೋನ್ ಬರೋದು ನನಗೇ. ಅದಕ್ಕೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ, ಕಂಪನಿಗಳು ಬಳಸಿ ವಾಪಸ್ ಕೊಟ್ಟ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ನೋಡಲು.

ಅದರ ಟಿ470, ಟಿ480 ಮಾಡೆಲ್ ಪಕ್ಕಪಕ್ಕ ಇಟ್ಟರೆ ಅವಳಿಜವಳಿ. "ಇದು ಎರಡು ಸಾವಿರ ಕಮ್ಮಿ ಮೇಡಂ, ಸೇಮ್ ಪೀಸು" ಅಂದ ಅಂಗಡಿಯ ಹುಡುಗ, ಟಿ470 ತೋರಿಸಿ. ಸೇಮ್ ಅಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು, ಟಿ470ಯಲ್ಲಿರೋದು 6 ಅಥವಾ 7. ಅದಕ್ಕೆ ವಿಂಡೋಸ್ 10 ಒಂದೇ ಗತಿ, ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಸೆಟ್ಟಿಂಗ್ಸ್‌ನ 'ಅಬೌಟ್' ತೆರೆದು ಪ್ರೊಸೆಸರ್ ಹೆಸರಿನಲ್ಲಿ ಐ5 ಆದ ಮೇಲಿನ ಅಂಕಿ ನೋಡಿ. 8250 ಅಂತಿದ್ದರೆ 8ನೇದು, 7200 ಅಂತಿದ್ದರೆ 7ನೇದು.

ಟಿ480ಗೆ ಬ್ಯಾಟರಿ ಎರಡು: ಒಂದು ಒಳಗೆ, ಇನ್ನೊಂದು ಹಿಂದಿನಿಂದ ಕೈಯಲ್ಲೇ ತೆಗೆದು ಹಾಕುವಂಥದ್ದು. ನಮ್ಮೂರ ಕರೆಂಟಿಗೆ ಹೇಳಿ ಮಾಡಿಸಿದ್ದು. ಅಂಗಡಿಯಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿದೆ. ಹೊಸದಿದ್ದಾಗಿನ ಸಾಮರ್ಥ್ಯ, ಈಗಿನದು ಎರಡೂ ಅದರಲ್ಲಿರುತ್ತೆ. ಹಿಂಬದಿಯ ಬ್ಯಾಟರಿ ಅರ್ಧಕ್ಕಿಳಿದಿತ್ತು, ಹೊಸದು ಹಾಕಿಸಿಕೊಂಡೆ. ಇದೇ ಮಾಡೆಲ್ ಕಡಿಮೆ ಚುಕ್ಕೆಗಳ 1366x768 ಸ್ಕ್ರೀನಿನಲ್ಲೂ ಸಿಗುತ್ತೆ, ಬೇಡ. ಫುಲ್ ಎಚ್‌ಡಿಯದನ್ನು ತಗೊಂಡು ಸ್ಕೇಲಿಂಗ್ (ಪರದೆಯ ಅಕ್ಷರ, ಚಿತ್ರಗಳ ಗಾತ್ರ) ಶೇ. 150ಕ್ಕೆ ಏರಿಸಿದರೆ ಒತ್ತಕ್ಷರ ಕೂಡ ಒಡೆಯದೆ ದಪ್ಪಗೆ ಕಾಣುತ್ತೆ.

8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಬ್ಯಾಟರಿ, ಒಂದು ಮೌಸ್ ಎಲ್ಲಾ ಸೇರಿ 24 ಸಾವಿರದೊಳಗೆ ಮುಗೀತು. ಮೌಸ್ ಬೇಕೇ ಬೇಕು, ಟಚ್‌ಪ್ಯಾಡ್ ಅಪ್ಪನ ಕೈಗೆ ಕೂರಲ್ಲ.

ಇನ್ನು ಉಳಿದಿರೋದು ಹಳೇ ಹಾರ್ಡ್‌ಡಿಸ್ಕಿನಲ್ಲಿರುವ ಆಸ್ಕಿ ಕಾಲದ, ಅಂದರೆ ಹಳೇ ಅಕ್ಷರ ಸಂಕೇತದ ನುಡಿ ಫೈಲುಗಳನ್ನ ಈಗ ಎಲ್ಲ ಕಡೆ ಬಳಸುವ ಯೂನಿಕೋಡಿಗೆ ತರೋದು. ದಸರಾ ರಜೆಗೆ ಹೋದಾಗ ಕೂರಬೇಕು.